ಮೊದಲು ಕಾಣುವ ಕಣ್ಣು ಗುರುವಿನದು

ಮಗುವಿನ ಮೈ ಬಿಸಿಯಾದರೆ ತಾಯಿ ಹಣೆ ಮುಟ್ಟಿ ತಿಳಿಯುತ್ತಾಳೆ. ಮನಸ್ಸು ನೊಂದರೆ ತಿಳಿಯುವುದು ಹೇಗೆ? ದಿನದ ಬಹುಭಾಗವನ್ನು ಮಗು ಶಾಲೆಯಲ್ಲಿ ಕಳೆಯುವುದರಿಂದ ಆ ಬದಲಾವಣೆ ಎಷ್ಟೋ ಸಲ ಮೊದಲು ಕಣ್ಣಿಗೆ ಬೀಳುವುದು ಉಪಾಧ್ಯಾಯರಿಗೆ. ಮುಂದಿನ ಸಾಲಿನಲ್ಲಿ ಕುಳಿತು ಕೈಯೆತ್ತುತ್ತಿದ್ದ ಹುಡುಗಿ ಕಡೆಯ ಬೆಂಚಿಗೆ ಸರಿದಿರುತ್ತಾಳೆ, ಅಕ್ಷರ ಕೆಟ್ಟಿರುತ್ತದೆ, ಬುತ್ತಿ ಬಿಚ್ಚದೆ ಉಳಿದಿರುತ್ತದೆ, ಸೋಮವಾರ ಬಂತೆಂದರೆ ಹೊಟ್ಟೆನೋವು. ಇದನ್ನು ಸೋಮಾರಿತನವೆಂದು ಗದರುವುದು ಸುಲಭ. ಏಕೆ ಹೀಗಾಯಿತೆಂದು ಕೇಳುವುದಕ್ಕೆ ವ್ಯವಧಾನ ಬೇಕು.

ನಾವು ಓದಿದ ಶಾಲೆಯೊಂದರಲ್ಲಿ ಉತ್ತರಪತ್ರಿಕೆಗಳನ್ನು ಕಡಿಮೆ ಅಂಕದವರಿಂದ ಆರಂಭಿಸಿ ಹೆಸರು ಕೂಗಿ ಹಂಚುವ ಪದ್ಧತಿಯಿತ್ತು. ಬೆತ್ತದ ಏಟು ಸಂಜೆಗೆ ಮರೆಯುತ್ತಿತ್ತು; ಆ ಕೂಗು ಇಂದಿಗೂ ಮರೆತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ದಂಡನೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿರುವುದು ಉಚಿತವೇ ಆಗಿದೆ. ಬೆತ್ತವನ್ನು ಕೆಳಗಿಟ್ಟವರೆಲ್ಲರೂ ನಾಲಿಗೆಯನ್ನು ಬಿಗಿಹಿಡಿದಿದ್ದಾರೆಂದು ಮಾತ್ರ ಹೇಳಲಾರೆವು.

ಗುರುವು ವೈದ್ಯನಾಗಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಮಗುವನ್ನು ಪ್ರತ್ಯೇಕವಾಗಿ ಕರೆದು, ಉಪದೇಶಕ್ಕೆ ಅವಸರಿಸದೆ ಕೇಳಿಸಿಕೊಂಡರೆ ಅರ್ಧ ಕೆಲಸವಾದಂತೆ. ಬದುಕುವ ಆಸೆಯಿಲ್ಲವೆಂಬ ಮಾತು ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬಾರದು. ಅಂಥ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುವುದೆಂಬ ಭಯ ಅನೇಕರಲ್ಲಿದೆ. ಆ ಭಯಕ್ಕೆ ಆಧಾರವಿಲ್ಲವೆನ್ನುತ್ತಾರೆ ಮನೋವೈದ್ಯರು. ಯಾರಿಗೂ ಹೇಳುವುದಿಲ್ಲವೆಂದು ಇಲ್ಲಿ ಮಾತು ಕೊಡಲಾಗದು. ಮಗುವನ್ನು ಒಂಟಿಯಾಗಿ ಬಿಡದೆ, ಅಂದೇ ತಂದೆತಾಯಿಗಳಿಗೆ ತಿಳಿಸಿ, ವೈದ್ಯರಲ್ಲಿಗೆ ಕರೆದೊಯ್ಯುವಂತೆ ನೋಡಿಕೊಳ್ಳಬೇಕು. ನೋವಿನ ಮೂಲ ಮನೆಯಲ್ಲಿಯೇ ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರೌಢಶಾಲೆಯ ಮಕ್ಕಳಿಗಾಗಿ ಜೀವನ ಕೌಶಲ ಶಿಕ್ಷಣವನ್ನು ರೂಪಿಸಿದಾಗ ಅದನ್ನು ಕಲಿಸುವ ಹೊಣೆಯನ್ನು ಉಪಾಧ್ಯಾಯರಿಗೇ ವಹಿಸಿತು. ಕೋಪ, ದುಃಖ, ಗೆಳೆಯರ ಒತ್ತಾಯಗಳನ್ನು ಎದುರಿಸುವ ಬಗೆಯನ್ನು ಆಟ ಮತ್ತು ಚರ್ಚೆಗಳ ಮೂಲಕ ಕಲಿಸುವ ಕ್ರಮವದು. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಆಪ್ತಸಲಹೆಗಾರರನ್ನು ನೇಮಿಸಬೇಕೆಂದು ಸೂಚಿಸಿತು. ಎರಡು ಕೊಠಡಿಗಳ ಹಳ್ಳಿ ಶಾಲೆಗೆ ಅಂಥವರು ಬರುವವರೆಗೆ ಗಣಿತದ ಮೇಷ್ಟ್ರೇ ಆಪ್ತಸಲಹೆಗಾರರು. ಬಿಸಿಯೂಟದ ಲೆಕ್ಕ, ಚುನಾವಣಾ ಕೆಲಸಗಳೂ ಅವರ ತಲೆಯ ಮೇಲೆಯೇ ಇವೆಯೆಂಬುದನ್ನು ನಾವು ಮರೆಯಬಾರದು.

ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಓದಿ ಬೆಳೆದವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅನ್ನ, ಅಕ್ಷರಗಳೆರಡೂ ದೊರೆತವು. ಆದರೆ ಮನೆ ಬಿಟ್ಟು ಬಂದ ಮೊದಲ ತಿಂಗಳ ರಾತ್ರಿಗಳು ಅವರಿಗೆ ನೆನಪಿರಲೇಬೇಕು. ಅಲ್ಲಿ ನಿಲಯಪಾಲಕರು ದೀಪವಾರಿಸುವ ಮುನ್ನ ಒಂದು ಸುತ್ತು ಬಂದು, ಹೊದಿಕೆಯೊಳಗೆ ಬಿಕ್ಕುವ ಹುಡುಗನ ಬಳಿ ಕುಳಿತು ಊರಿನ ಸುದ್ದಿ ವಿಚಾರಿಸಿದರೆ ಅದೇ ಔಷಧ.

ಇನ್ನು ನಮ್ಮ ಮನೆಗಳ ಮಾತು. ಮಗುವನ್ನು ಮನೋವೈದ್ಯರಿಗೆ ತೋರಿಸಿರೆಂದು ಉಪಾಧ್ಯಾಯರು ಹೇಳಿಕಳುಹಿಸಿದರೆ, "ನಮ್ಮ ಮಗುವಿಗೇನು ಹುಚ್ಚೇ?" ಎಂದು ಸಿಡಿಯುತ್ತೇವೆ. ಹೆಣ್ಣುಮಗುವಾದರೆ ನಾಳೆಯ ಸಂಬಂಧದ ಚಿಂತೆ ಬೇರೆ. ನಮಗೆ ಪರಿಚಿತರೊಬ್ಬರು ಹೀಗೆಯೇ ಶಾಲೆಗೆ ಹೋಗಿ ಜಗಳವಾಡಿ ಬಂದರು. ಆ ಉಪಾಧ್ಯಾಯಿನಿ ಬೇಸರಿಸದೆ ಮರುವಾರ ತಾವೇ ಮನೆಗೆ ಬಂದು, ಅಡಿಗೆಮನೆಯಲ್ಲಿ ತಾಯಿಯೊಡನೆ ಕುಳಿತು ಮಾತನಾಡಿದರು. ಮಗಳು ಮೂರು ವಾರದಿಂದ ನಿದ್ರಿಸಿಲ್ಲವೆಂಬುದು ಮನೆಯವರಿಗೆ ತಿಳಿದದ್ದು ಅಂದೇ. ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ತಂದೆಯೇ ಕರೆದುಕೊಂಡು ಹೋದರು.