ಗಂಟೆಗೆ 30,000 ಬಿಡಿಭಾಗ: ಕಾಗದದ ವೇಗ, ಕಾರ್ಖಾನೆಯ ವೇಗ

ಹಳೆಯ ಮೊಬೈಲನ್ನು ಬಿಚ್ಚಿ ನೋಡಿ. ಮಂಡಲ ಫಲಕದ ಮೇಲೆ ಸಾಸಿವೆ ಕಾಳಿನಷ್ಟು ಚಿಕ್ಕ ರೋಧಕ, ಧಾರಕಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಅವನ್ನು ಕೂರಿಸುವುದು 'ಪಿಕ್ ಅಂಡ್ ಪ್ಲೇಸ್' ಯಂತ್ರ. ಅದರ ತಲೆಯಲ್ಲಿರುವ ನಾಜಲ್‌ಗಳು ಫೀಡರ್‌ನಿಂದ ಬಿಡಿಭಾಗಗಳನ್ನು ಹೀರಿ ಹಿಡಿದು, ಬೆಸುಗೆ ಪೇಸ್ಟ್ ಹಚ್ಚಿದ ಜಾಗದಲ್ಲಿ ಇಡುತ್ತವೆ.

ಸಣ್ಣ ಉದ್ಯಮ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಯಂತ್ರ ಕೊಂಡ. 'ಗಂಟೆಗೆ 30,000 ಬಿಡಿಭಾಗ' ಎಂಬ ವಿವರಪತ್ರವನ್ನು ನಂಬಿ ಗಿರಾಕಿಗೆ ಗಡುವು ಕೊಟ್ಟ. ಕೆಲಸ ಅರ್ಧದಷ್ಟೂ ಸಾಗಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಲು ಬಂದ. ಕೆಟ್ಟಿದ್ದದ್ದು ಯಂತ್ರವಲ್ಲ, ಅವನ ಲೆಕ್ಕ.

ಅವನ ಫಲಕದಲ್ಲಿ 100 ಬಿಡಿಭಾಗಗಳು. 90 ಚಿಕ್ಕವು, ಗಂಟೆಗೆ 30,000ದಂತೆ ಒಂದಕ್ಕೆ 0.12 ಸೆಕೆಂಡು. ಉಳಿದ 10 ದೊಡ್ಡ ಐ.ಸಿ.ಗಳು, ಒಂದೊಂದನ್ನೇ ಒಯ್ದು, ಕ್ಯಾಮೆರಾಕ್ಕೆ ತೋರಿಸಿ ಇಡಬೇಕಾದ್ದರಿಂದ ಗಂಟೆಗೆ 3,000, ಅಂದರೆ ತಲಾ 1.2 ಸೆಕೆಂಡು. ವೇಗಗಳ ಸರಾಸರಿ ತೆಗೆದರೆ 27,300 ಬರುತ್ತದೆ. ಇದು ತಪ್ಪು. ಕೂಡಿಸಬೇಕಾದದ್ದು ಕಾಲವನ್ನು: 10.8 + 12 = 22.8 ಸೆಕೆಂಡು. ಹತ್ತೇ ಐ.ಸಿ.ಗಳು ತೊಂಬತ್ತು ಚಿಕ್ಕ ಭಾಗಗಳಿಗಿಂತ ಹೆಚ್ಚು ಹೊತ್ತು ತಿನ್ನುತ್ತವೆ! ಫಲಕ ಒಳಬಂದು, ಅದರ ಗುರುತುಗಳನ್ನು ಕ್ಯಾಮೆರಾ ಓದಿ, ಕೊನೆಗೆ ಹೊರಹೋಗಲು 7.2 ಸೆಕೆಂಡು. ಒಟ್ಟು 30 ಸೆಕೆಂಡು, ಗಂಟೆಗೆ 12,000. ಹೋಗುವಾಗ ವೇಗವಾಗಿ, ಬರುವಾಗ ನಿಧಾನವಾಗಿ ಚಲಿಸಿದ ಬಸ್ಸಿನ ಸರಾಸರಿ ವೇಗದ ಲೆಕ್ಕದಲ್ಲಿ ವಿದ್ಯಾರ್ಥಿಗಳು ಎಡವುವುದೂ ಇಲ್ಲಿಯೇ.

ತಲೆಯ ಓಟದಲ್ಲೂ ಭೌತಶಾಸ್ತ್ರವಿದೆ. ವೇಗೋತ್ಕರ್ಷ 20 ಮೀ/ಸೆ² ಇರಲಿ. ಅರ್ಧ ದಾರಿ ವೇಗ ಹೆಚ್ಚಿಸಿಕೊಂಡು, ಉಳಿದರ್ಧ ತಗ್ಗಿಸಿಕೊಂಡು 20 ಸೆಂ.ಮೀ. ಸಾಗಲು 0.2 ಸೆಕೆಂಡು ಬೇಕು. ಗರಿಷ್ಠ ವೇಗ ಸೆಕೆಂಡಿಗೆ 2 ಮೀಟರು ಮಾತ್ರ. ಮೋಟಾರು ಅದಕ್ಕಿಂತ ಜೋರಾಗಿ ಓಡಬಲ್ಲದಾದರೂ ಇಲ್ಲಿ ಪ್ರಯೋಜನವಿಲ್ಲ. ದೂರವನ್ನು 5 ಸೆಂ.ಮೀ.ಗೆ ಇಳಿಸಿದರೆ ಕಾಲ 0.1 ಸೆಕೆಂಡಿಗೆ ಇಳಿಯುತ್ತದೆ. ವೇಗೋತ್ಕರ್ಷವನ್ನೇ ಹೆಚ್ಚಿಸೋಣವೆಂದರೆ ತಲೆ ಕಂಪಿಸುತ್ತದೆ, ಭಾರದ ಐ.ಸಿ. ನಾಜಲ್‌ನಲ್ಲಿ ಜಾರುತ್ತದೆ. ಆದ್ದರಿಂದ ನಿಖರತೆಯನ್ನು ಹೇಳದ ವೇಗಕ್ಕೆ ಅರ್ಥವಿಲ್ಲ. 2002ರಲ್ಲಿ ಬಂದ ಐಪಿಸಿ-9850 ಮಾನಕ ಇವೆರಡನ್ನೂ ಒಟ್ಟಿಗೆ ಅಳೆಯುವ ಕ್ರಮವನ್ನು ಹೇಳುತ್ತದೆ.

ಯಂತ್ರ ಕೊಳ್ಳುವವರು ತಮ್ಮದೇ ಫಲಕವನ್ನು ಒಯ್ದು, ಒಂದು ಫಲಕ ಹೊರಬಿದ್ದಾಗಿನಿಂದ ಮುಂದಿನದು ಬರುವವರೆಗೆ ಗಡಿಯಾರ ಹಿಡಿಯುವುದು ಒಳ್ಳೆಯದು. ನನ್ನ ವಿದ್ಯಾರ್ಥಿಗೆ ಆ ಅವಕಾಶ ಮುಗಿದಿತ್ತು. ಹೆಚ್ಚು ಬಳಕೆಯಾಗುವ ಧಾರಕಗಳ ಫೀಡರ್‌ಗಳನ್ನು ಫಲಕದ ಸಮೀಪಕ್ಕೆ ತಂದುಕೊಂಡ. ಗಿರಾಕಿಯಿಂದ ಹೊಸ ಗಡುವನ್ನೂ ಕೇಳಿಕೊಂಡ.