ಎಡಗಾಲಿನ ಕೆಳಗೆ ಐದು ಕ್ವಿಂಟಲ್

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಂಥ ಊರಿನಲ್ಲಿ ಹಳೆಯ ಮಹೀಂದ್ರ ಜೀಪಿಗೆ ಆಯುಷ್ಯ ಜಾಸ್ತಿ. ಅದರ 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್ ಕೈಕೊಟ್ಟರೆ, ಗುಜರಿಗೆ ಹಾಕುವ ಬದಲು ಇನ್ನೂ ಬಲವಾದ ಎಂಜಿನ್ ಕೂರಿಸುವ ಆಸೆ ಮಾಲೀಕನಿಗೆ. (1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇದಕ್ಕೆ ಆರ್‌ಟಿಒ ಅನುಮತಿ ಬೇಕು. ಎಲ್ಲ ಮಾರ್ಪಾಡಿಗೂ ಅದು ಸಿಗುವುದಿಲ್ಲ.) ಎಳೆಯುವ ಶಕ್ತಿಯೇನೋ ಬಂತು. ಆದರೆ ಹಗರಿಬೊಮ್ಮನಹಳ್ಳಿಯ ಪೇಟೆ ದಾಟುವಷ್ಟರಲ್ಲಿ ಎಡಮೊಣಕಾಲು ನಡುಗತೊಡಗುತ್ತದೆ. "ಕ್ಲಚ್ ಭಾಳ ಬಿರುಸು ಐತ್ರಿ, ಒಂದೀಟು ಹಗುರ ಮಾಡಿಕೊಡ್ರಿ" ಎನ್ನುತ್ತ ಗ್ಯಾರೇಜಿನ ಮುಂದೆ ಜೀಪು ನಿಲ್ಲುವುದು ಆಗ.

ಕ್ಲಚ್ ಎಂದರೆ ಒತ್ತಿ ಹಿಡಿಯುವ ಕೆಲಸ. ಎಂಜಿನ್ನಿನ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟ್ ಅಮುಕಿಕೊಂಡಿರುತ್ತದೆ. ಜಾರದಂತೆ ಹಿಡಿಯುವುದು ಸ್ಪ್ರಿಂಗು. 120 ನ್ಯೂಟನ್ ಮೀಟರ್ ತಿರುಚುಬಲದ ಎಂಜಿನ್ನಿಗೆ ಸುಮಾರು ಮೂರು ಕ್ವಿಂಟಲ್ ಒತ್ತಡ ಸಾಕೆಂದುಕೊಂಡರೆ, ಅದೇ ಅಳತೆಯ ಪ್ಲೇಟಿನಲ್ಲಿ 200 ನ್ಯೂಟನ್ ಮೀಟರ್ ತಡೆಯಲು ಐದು ಕ್ವಿಂಟಲ್ ಬೇಕು. ಪೆಡಲ್ ತುಳಿದಾಗ ಕಾಲು ಎತ್ತುವುದು ಈ ಐದು ಕ್ವಿಂಟಲನ್ನೇ.

ಹಾರೆಯಿಂದ ಬಂಡೆ ಮೀಟಿದವರಿಗೆ ಉಳಿದ ಲೆಕ್ಕ ಗೊತ್ತು. ಕೈಯಲ್ಲಿರುವ ತುದಿ ಮೊಳದುದ್ದ ಇಳಿದರೆ ಬಂಡೆ ಬೆರಳಷ್ಟು ಏಳುತ್ತದೆ. ಕ್ಲಚ್ಚಿನಲ್ಲಿ ಇಂಥ ಹಾರೆಗಳು ಮೂರು: ಪೆಡಲ್ ಐದು ಪಟ್ಟು, ಫೋರ್ಕ್ ಎರಡು ಪಟ್ಟು, ಸ್ಪ್ರಿಂಗಿನ ಬೆರಳುಗಳು ನಾಲ್ಕು ಪಟ್ಟು ಎಂದಿಟ್ಟುಕೊಂಡರೆ ಒಟ್ಟು ನಲವತ್ತು. 500 ಕಿಲೋ ಹೀಗೆ ಹನ್ನೆರಡೂವರೆ ಕಿಲೋಗೆ ಇಳಿಯುತ್ತದೆ. ಅದಕ್ಕೆ ತೆರುವ ಬೆಲೆ ದೂರ. ಪ್ರೆಷರ್ ಪ್ಲೇಟ್ ಒಂದೂವರೆ ಮಿಲಿಮೀಟರ್ ಸರಿಯಲು ಕಾಲು 60 ಮಿಲಿಮೀಟರ್ ಇಳಿಯಬೇಕು. ಸಡಿಲಿನ ಲೆಕ್ಕ ಬೇರೆ.

ಹಾಗಾದರೆ ಹಾರೆ ಉದ್ದ ಮಾಡಿದರಾಯಿತಲ್ಲ? ಅನುಭವಸ್ಥ ಮೇಸ್ತ್ರಿ ಅಷ್ಟು ಬೇಗ ಸ್ಪ್ಯಾನರ್ ಎತ್ತುವುದಿಲ್ಲ. ಫೋರ್ಕಿನ ಕಡೆಯಿಂದ ಕ್ಲಚ್ ವೈರ್ ಕಳಚಿ ಬರಿಯ ಪೆಡಲ್ ತುಳಿದು ನೋಡುತ್ತಾನೆ. ಆಗಲೂ ಬಿಗಿಯಿದ್ದರೆ ತಪ್ಪು ಸ್ಪ್ರಿಂಗಿನದಲ್ಲ. ಬೇರೆ ಎಂಜಿನ್ ಕೂರಿಸಿದ ಜೀಪಿನಲ್ಲಿ ವೈರು ಹಳೆಯ ದಾರಿ ಬಿಟ್ಟು ಬಳಸಿಕೊಂಡು ಹೋಗಬೇಕಾಗುತ್ತದೆ. ಬಾವಿಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿದರೆ ತುಂಬಿದ ಕೊಡವೂ ಜಾರದೆ ನಿಲ್ಲುವುದಿಲ್ಲವೆ, ಹಾಗೆಯೇ ಪ್ರತಿ ಬಾಗಿನಲ್ಲೂ ಘರ್ಷಣೆ ಗುಣಿಸುತ್ತ ಹೋಗುತ್ತದೆ. ಸೈಲೆನ್ಸರ್ ಪೈಪಿನ ಶಾಖಕ್ಕೆ ಒಳಗಿನ ಪ್ಲಾಸ್ಟಿಕ್ ಕರಗಿದ್ದರೆ ಕೇಳುವುದೇ ಬೇಡ. ಹೊಸ ವೈರನ್ನು ದೊಡ್ಡ ಬಾಗಿನಲ್ಲಿ ಎಳೆದರೆ ಎಷ್ಟೋ ಜೀಪುಗಳ ರೋಗ ಅಲ್ಲಿಗೇ ವಾಸಿ.

ಎರಡನೆಯ ಕಳ್ಳ ವಿಚಿತ್ರ. ಈಗಿನ ಕ್ಲಚ್ಚುಗಳಲ್ಲಿ ಸುರುಳಿ ಸ್ಪ್ರಿಂಗುಗಳ ಬದಲು ತಟ್ಟೆಯಾಕಾರದ ಡಯಾಫ್ರಾಂ ಸ್ಪ್ರಿಂಗ್ ಇರುತ್ತದೆ. ಇದರ ಅಜ್ಜ, ಫ್ರಾನ್ಸಿನ ಜೂಲಿಯನ್ ಬೆಲ್‌ವಿಲ್ 1867ರಲ್ಲಿ ಪೇಟೆಂಟ್ ಪಡೆದ ಉಕ್ಕಿನ ತಟ್ಟೆ. ಉಬ್ಬಿದ ಡಬ್ಬಿ ಮುಚ್ಚಳ ಒತ್ತಿದಾಗ ಮೊದಲು ಸೆಟೆದು ಆಮೇಲೆ ಸಡಿಲಾಗುವಂತೆ, ಇದರ ಬಲವೂ ಏರಿ ಇಳಿಯುತ್ತದೆ. ಕ್ಲಚ್ ಪ್ಲೇಟ್ ಸವೆಯುತ್ತ ಹೋದಂತೆ ತಟ್ಟೆಯ ನೆಲೆ ಜರುಗಿ, ಬಲ ಹೆಚ್ಚಿರುವ ಜಾಗಕ್ಕೆ ಬರುತ್ತದೆ. ಅಂದರೆ ಸವೆದ ಪ್ಲೇಟೇ ಪೆಡಲನ್ನು ಭಾರ ಮಾಡುತ್ತದೆ! ಹಳೆಯ ಸುರುಳಿ ಸ್ಪ್ರಿಂಗಿನಲ್ಲಿ ಹೀಗಿಲ್ಲ. ಅದು ತುಳಿದಷ್ಟೂ ಬಿರುಸು.

ಇವೆಲ್ಲ ಸರಿಯಿದ್ದರೆ ಮಾತ್ರ ಹಾರೆಯ ಮಾತು. ಪೆಡಲಿನ ಗೂಟದಿಂದ ವೈರಿನ ಪಿನ್ನಿಗೆ 60 ಮಿಲಿಮೀಟರ್ ಇದ್ದದ್ದನ್ನು 50ಕ್ಕೆ ತಂದರೆ ಭಾರ ಆರನೇ ಒಂದು ಪಾಲು ಇಳಿಯುತ್ತದೆ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಮುಕ್ಕಾಲು ಇಂಚಿನ ಮಾಸ್ಟರ್ ಸಿಲಿಂಡರ್ ತೆಗೆದು ಐದೆಂಟಾಂಶ ಇಂಚಿನದನ್ನು ಹಾಕಿದರೆ ಶೇ 30ರಷ್ಟು ಹಗುರ. ಆದರೆ ತುಳಿತ ಶೇ 44ರಷ್ಟು ಉದ್ದ. ಅಷ್ಟು ಜಾಗ ಪೆಡಲಿನ ಕೆಳಗೆ ಇರಬೇಕಲ್ಲ.

ದೂರ ಹೆಚ್ಚಿಸದೆ ಭಾರ ಇಳಿಸುವ ಉಪಾಯ ಏತದಲ್ಲಿದೆ. ನೀರೆತ್ತುವಾಗ ಹಿಂದೆ ಕಟ್ಟಿದ ಕಲ್ಲು ಕೈ ಜೋಡಿಸುತ್ತದೆ. ಆ ಕಲ್ಲನ್ನು ಮೇಲೆತ್ತುವ ಶ್ರಮ ಖಾಲಿ ಬಾನಿ ಇಳಿಸುವಾಗಲೇ ಸಂದಾಯವಾಗಿರುತ್ತದೆ. ಪೆಡಲಿಗೆ ಕಟ್ಟುವ ಸಹಾಯಕ ಸ್ಪ್ರಿಂಗೂ ಹೀಗೆಯೇ: ಆರಂಭದಲ್ಲಿ ತುಸು ತಡೆದು, ನಡುಗೆರೆ ದಾಟಿದ ಮೇಲೆ ಕಾಲಿನ ಜೊತೆ ತಳ್ಳುತ್ತದೆ. ಅತಿಯಾದರೆ ಪೆಡಲ್ ಕೆಳಗೇ ಉಳಿದುಬಿಡುತ್ತದೆ. ಸಂಡೂರಿನಿಂದ ಅದಿರು ಹೊತ್ತು ಬರುವ ದೊಡ್ಡ ಲಾರಿಗಳಿಗೆ ಈ ಪೇಚಾಟವಿಲ್ಲ, ಬ್ರೇಕಿನ ಗಾಳಿಯೇ ಬೂಸ್ಟರಿನ ಮೂಲಕ ಕ್ಲಚ್ಚನ್ನೂ ಒತ್ತಿಕೊಡುತ್ತದೆ.

ಜೀಪಿನ ಪೆಡಲ್ ಹಗುರಾದ ಮೇಲೂ ಒಂದು ಪರೀಕ್ಷೆ ಉಳಿದಿದೆ. ಎಂಜಿನ್ ಚಾಲೂ ಇಟ್ಟು, ಕ್ಲಚ್ ಪೂರ್ತಿ ತುಳಿದು, ನಾಲ್ಕೈದು ಸೆಕೆಂಡು ತಡೆದು ರಿವರ್ಸ್ ಗೇರ್ ಹಾಕಬೇಕು. ಹಳೆಯ ಗೇರ್‌ಬಾಕ್ಸುಗಳಲ್ಲಿ ರಿವರ್ಸ್‌ಗೆ ಸಿಂಕ್ರೊನೈಸರ್ ಇಲ್ಲದ್ದರಿಂದ ಅದು ಏನನ್ನೂ ಮುಚ್ಚಿಡದು. ಕರಕರ ಎಂದರೆ ಕ್ಲಚ್ ಪ್ಲೇಟ್ ಇನ್ನೂ ಪೂರ್ತಿ ಬಿಟ್ಟಿಲ್ಲ. ಪಿನ್ನು ಹಳೆಯ ತೂತಿಗೇ ವಾಪಸ್.