ಹಾಸಿಗೆಯೊಳಗಿನ ಸುರುಳಿಗಳು

ಇಂದಿರಾನಗರದಲ್ಲೋ ಶಿವಾಜಿನಗರದಲ್ಲೋ ಹಾಸಿಗೆ ಕೊಳ್ಳಲು ಹೊರಟಿದ್ದೀರಿ ಎಂದುಕೊಳ್ಳಿ. ಬೊನೆಲ್, ಪಾಕೆಟ್ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ‘ಇದರಲ್ಲಿ ಸಾವಿರ ಸ್ಪ್ರಿಂಗ್‌ಗಳಿವೆ’ ಎಂದು ಅಂಗಡಿಯವರು ಹೇಳಬಹುದು. ಸ್ಪ್ರಿಂಗ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಹಾಸಿಗೆ ಉತ್ತಮವೇ? ಪಿಯುಸಿ ಭೌತಶಾಸ್ತ್ರವೇ ಇದಕ್ಕೆ ಉತ್ತರ ಕೊಡುತ್ತದೆ.

ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ನಿಮಗೆ ಗೊತ್ತು: ಬಲ ಇಮ್ಮಡಿಯಾದರೆ ಸ್ಪ್ರಿಂಗ್ ಕುಗ್ಗುವುದೂ ಇಮ್ಮಡಿಯಾಗುತ್ತದೆ. ಬಲವನ್ನು ಕುಗ್ಗಿದ ದೂರದಿಂದ ಭಾಗಿಸಿದರೆ ಸಿಗುವುದೇ ಸ್ಪ್ರಿಂಗ್ ನಿಯತಾಂಕ. ಸುರುಳಿಯನ್ನು ಅದುಮಿದಾಗ ಅದರ ತಂತಿ ಮುಖ್ಯವಾಗಿ ತಿರುಚಿಕೊಳ್ಳುತ್ತದೆ. ಆದ್ದರಿಂದ ಈ ನಿಯತಾಂಕವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ನೇರ ಅನುಪಾತದಲ್ಲಿಯೂ, ಸುರುಳಿಯ ವ್ಯಾಸದ ಘನಕ್ಕೆ ಮತ್ತು ಸುತ್ತುಗಳ ಸಂಖ್ಯೆಗೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ.

ಒಂದು ಸರಳ ಲೆಕ್ಕ ಮಾಡೋಣ. 2 ಮಿ.ಮೀ. ಉಕ್ಕಿನ ತಂತಿಯ, 60 ಮಿ.ಮೀ. ವ್ಯಾಸದ, 6 ಸುತ್ತುಗಳ ಸುರುಳಿಯ ನಿಯತಾಂಕ ಮೀಟರಿಗೆ ಸುಮಾರು 122 ನ್ಯೂಟನ್. 60 ಕಿ.ಗ್ರಾಂ. ದ್ರವ್ಯರಾಶಿಯ ವ್ಯಕ್ತಿಯ ಭಾರ ಸುಮಾರು 600 ನ್ಯೂಟನ್. ಇದನ್ನು 150 ಸುರುಳಿಗಳು ಸಮನಾಗಿ ಹೊತ್ತರೆ ಪ್ರತಿಯೊಂದರ ಪಾಲು 4 ನ್ಯೂಟನ್. ಕುಗ್ಗುವುದು ಸುಮಾರು 3.3 ಸೆಂ.ಮೀ. ತಂತಿಯನ್ನು 1.8 ಮಿ.ಮೀ.ಗೆ ಇಳಿಸಿದರೆ ಅಷ್ಟೇ ಸುರುಳಿಗಳು 5 ಸೆಂ.ಮೀ. ಕುಗ್ಗುತ್ತವೆ! ಮೊದಲಿನ ಗಟ್ಟಿತನ ಬೇಕಾದರೆ ಸುರುಳಿಗಳನ್ನು ಒಂದೂವರೆ ಪಟ್ಟು ಹೆಚ್ಚಿಸಬೇಕು. ಎಂದರೆ, ಸಂಖ್ಯೆಯೊಂದೇ ಏನನ್ನೂ ಹೇಳದು. ಕೆ.ಆರ್. ಪುರ ನಿಲ್ದಾಣದಲ್ಲಿ ಎದುರಿನ ಹಳಿಯ ಮೇಲಿನ ರೈಲುಗಾಡಿಯ ಚಕ್ರಗಳ ಬಳಿ ನೋಡಿ. ಹೆಬ್ಬೆರಳಿಗಿಂತ ದಪ್ಪ ಸರಳಿನ ಕೆಲವೇ ಸುರುಳಿಗಳು ಇಡೀ ಬೋಗಿಯನ್ನು ಹೊತ್ತಿರುತ್ತವೆ.

ಇನ್ನು ವಿಧಗಳು. ಬೊನೆಲ್ ಸುರುಳಿಯದು ಡಮರುಗದ ಆಕಾರ. ಅಗಲವಾದ ತುದಿಗಳು ಮೊದಲು ಸುಲಭವಾಗಿ ಕುಗ್ಗುತ್ತವೆ. ಬಳಿಕ ಕಿರಿದಾದ ನಡುಭಾಗ ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಆದ್ದರಿಂದ ಇಲ್ಲಿ ನಿಯತಾಂಕ ಒಂದೇ ಆಗಿರುವುದಿಲ್ಲ. ಇವನ್ನು ತಂತಿಯಿಂದ ಒಂದಕ್ಕೊಂದು ಹೆಣೆದಿರುವುದರಿಂದ ಒಂದನ್ನು ಅದುಮಿದರೆ ನೆರೆಯವೂ ಬಾಗುತ್ತವೆ. ಬೆಲೆ ಕಡಿಮೆ, ಆದರೆ ಪಕ್ಕದಲ್ಲಿ ಮಲಗಿದವರು ಹೊರಳಿದರೆ ನಿಮಗೂ ಎಚ್ಚರವಾದೀತು. ನಿರಂತರ ಸುರುಳಿಯ ಹಾಸಿಗೆಯಲ್ಲಿ ಒಂದೇ ತಂತಿ ಇಡೀ ಸಾಲನ್ನು ರೂಪಿಸುತ್ತದೆ; ಅಲುಗಾಟ ಅಲ್ಲಿಯೂ ಸುಲಭವಾಗಿ ಹರಡುತ್ತದೆ. ಪಾಕೆಟ್ ವಿಧದಲ್ಲಿ ಪ್ರತಿ ಸುರುಳಿಗೂ ಬಟ್ಟೆಯ ಚೀಲವಿದ್ದು, ಅದು ಹೆಚ್ಚುಕಡಿಮೆ ಸ್ವತಂತ್ರವಾಗಿ ಕುಗ್ಗುತ್ತದೆ. ಭುಜ, ಸೊಂಟಗಳ ಏರಿಳಿತಕ್ಕೆ ಹಾಸಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಕೆನಡಾದ ಜೇಮ್ಸ್ ಮಾರ್ಷಲ್ 1900ರ ಸುಮಾರಿಗೆ ರೂಪಿಸಿದ ವಿಧಾನವಿದು.

‘ಬೆನ್ನುನೋವಿಗೆ ಹಲಗೆಯಂತಹ ಹಾಸಿಗೆಯೇ ಮದ್ದು’ ಎಂಬ ನಂಬಿಕೆ ನಮ್ಮಲ್ಲಿದೆ. ದೀರ್ಘಕಾಲದ ಸೊಂಟನೋವಿದ್ದ 313 ಜನರ ಮೇಲೆ ಸ್ಪೇನಿನಲ್ಲಿ ನಡೆದ ಅಧ್ಯಯನ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿತನದ ಹಾಸಿಗೆ ಹೆಚ್ಚು ಉಪಶಮನ ನೀಡಿತೆಂದು ಅದು ತಿಳಿಸಿತು. ಇದಕ್ಕೆ ಕಾರಣ ಊಹಿಸಬಹುದು. ತೀರಾ ಗಟ್ಟಿಯಾದ ಹಾಸಿಗೆಯಲ್ಲಿ ದೇಹದ ಭಾರ ಕೆಲವೇ ಉಬ್ಬುಭಾಗಗಳ ಮೇಲೆ ಬೀಳುತ್ತದೆ. ಅಲ್ಲಿ ಒತ್ತಡ ಏರುತ್ತದೆ. ತೀರಾ ಮೆತ್ತಗಿದ್ದರೆ ಸೊಂಟ ಕುಸಿದು ಬೆನ್ನುಮೂಳೆ ಬಾಗುತ್ತದೆ.

ಆದ್ದರಿಂದ ಕೊಳ್ಳುವಾಗ ಸ್ಪ್ರಿಂಗ್‌ಗಳ ಸಂಖ್ಯೆಯ ಜೊತೆಗೆ ತಂತಿಯ ದಪ್ಪವನ್ನೂ ಕೇಳಿ. ಹತ್ತು ನಿಮಿಷ ಮಲಗಿ ನೋಡಿ. ಹಾಸಿಗೆಯ ಮೇಲೆ ಒಂದು ಹಲಗೆಯ ಚೂರು, ಅದರ ಮೇಲೆ ಅರ್ಧ ಲೋಟ ನೀರು ಇಟ್ಟು, ಒಂದು ಅಡಿ ದೂರದಲ್ಲಿ ಕೈಯಿಂದ ಅದುಮಿ. ನೀರು ಎಷ್ಟು ಅಲುಗುತ್ತದೆ? ಬೇರೆ ಬೇರೆ ಹಾಸಿಗೆಗಳ ಮೇಲೆ ಇದನ್ನೇ ಮಾಡಿ, ಹೋಲಿಸಿ.